ಹಳೆ ಜೀಪು, ಹೊಸ ಎಂಜಿನ್, ಆಯಿಲ್ ಮೀಟರಿನ ಮುಳ್ಳು

ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಯಿಲಿನ ಒತ್ತಡ ತೋರಿಸುವ, 0ಯಿಂದ 80 ಪೌಂಡಿನವರೆಗೆ (ಚದರ ಇಂಚಿಗೆ) ಗೀಟೆಳೆದ ಪುಟ್ಟ ಆಯಿಲ್ ಮೀಟರೊಂದು ಇರುತ್ತಿತ್ತು. ಅದಕ್ಕೆ ವೈರು ಬೇಡ, ಬ್ಯಾಟರಿ ಬೇಡ. ಎಂಜಿನ್ನಿನ ಆಯಿಲೇ ಸಪೂರ ಪೈಪಿನಲ್ಲಿ ಮೀಟರಿನ ಬೆನ್ನಿನವರೆಗೆ ಬಂದು ಮುಳ್ಳನ್ನು ತಳ್ಳುತ್ತಿತ್ತು. ಮೀಟರಿನ ಹೊಟ್ಟೆಯಲ್ಲಿರುವುದು ಚಪ್ಪಟೆ ಮಾಡಿ ಬಾಗಿಸಿದ ಒಂದು ಹಿತ್ತಾಳೆ ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿ ಉಸಿರು ತುಂಬಿದೊಡನೆ ಸುರುಳಿ ಬಿಚ್ಚಿ ಮುಂದೆ ಚಾಚುತ್ತದಲ್ಲ, ಹಾಗೇ ಒತ್ತಡ ಏರಿದಂತೆ ಈ ಕೊಳವೆಯ ಬಾಗು ಬಿಚ್ಚುತ್ತದೆ. ತುದಿಗೆ ಕೂಡಿಸಿದ ಹಲ್ಲಿನ ಚಕ್ರ ಮುಳ್ಳನ್ನು ತಿರುಗಿಸುತ್ತದೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ದೋನ್ ಪೇಟೆಂಟ್ ಮಾಡಿಸಿದ ಉಪಾಯ ಇದು. ಜೀಪನ್ನು 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾಯಿಸಿದರೂ ಈ ಮೀಟರಿಗೆ ಪರಿವೆಯಿಲ್ಲ.

ಮಲೆನಾಡು, ಕೊಡಗಿನ ತೋಟದ ರಸ್ತೆಗಳಲ್ಲಿ ಓಡುವ ಹಳೆ ಜೀಪುಗಳಲ್ಲಿ ಹುಟ್ಟಿದಾಗಿನ ಎಂಜಿನ್ ಉಳಿದುಕೊಂಡಿರುವುದು ಅಪರೂಪ. ಮೊದಲು ಪೆಟ್ರೋಲ್ ತೆಗೆದು ಡೀಸೆಲ್ ಕೂರಿಸಿದರು. ಈಗ ಕಾಮನ್ ರೈಲ್ ಡೀಸೆಲ್ಲು (ಇಂಜೆಕ್ಟರನ್ನು ಕರೆಂಟಿನಿಂದ ನಡೆಸುವ ಹೊಸ ಬಗೆ), ಕಂಪ್ಯೂಟರ್ ನಡೆಸುವ ಪೆಟ್ರೋಲ್ ಎಂಜಿನ್ನುಗಳ ಸರದಿ. (ಆರ್‌ಟಿಒದಿಂದ ಮೊದಲೇ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳದೆ ಎಂಜಿನ್ ಬದಲಿಸುವಂತಿಲ್ಲ. ಅದರ ಗೋಳು ಬೇರೆಯೇ ಬರಹಕ್ಕೆ ಆಗುವಷ್ಟಿದೆ.) ಈ ಹೊಸ ಎಂಜಿನ್ನುಗಳ ಜೊತೆ ಹೆಚ್ಚಾಗಿ ಬರುವುದು ಮೀಟರಲ್ಲ, ಕೆಂಪು ದೀಪದ ಸ್ವಿಚ್ಚು. ಒತ್ತಡ ಸುಮಾರು 0.3ರಿಂದ 0.5 ಬಾರ್, ಅಂದರೆ 4ರಿಂದ 7 ಪೌಂಡಿಗಿಂತ ಕೆಳಗಿಳಿದಾಗ ಮಾತ್ರ ದೀಪ ಹತ್ತುತ್ತದೆ. 3,000 ಆರ್‌ಪಿಎಂನಲ್ಲಿ ಏರು ಹತ್ತುತ್ತಿರುವಾಗ ಒತ್ತಡ 4 ಬಾರಿನಿಂದ 1 ಬಾರಿಗೆ ಕುಸಿದರೂ ದೀಪಕ್ಕೆ ಅದು ಸುದ್ದಿಯೇ ಅಲ್ಲ. ಬೇರಿಂಗಿಗೆ ಮಾತ್ರ ಅದು ಸಾವಿನ ಸುದ್ದಿ.

ಎಂಜಿನ್ ತನ್ನ ಮೂಲ ಕಾರಿನಲ್ಲಿದ್ದಾಗ ಆ ದೀಪ ಸಾಕಾಗಿತ್ತು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಎಷ್ಟು ಆಳವಿರಬೇಕು, ಇಳಿಜಾರಿನಲ್ಲಿ ಆಯಿಲ್ ಎತ್ತ ಸರಿಯುತ್ತದೆ ಎಂಬುದನ್ನೆಲ್ಲ ಕಂಪನಿಯವರು ಪರೀಕ್ಷಿಸಿಯೇ ಗಾಡಿ ಹೊರಗೆ ಬಿಟ್ಟಿರುತ್ತಾರೆ. ಜೀಪಿಗೆ ಕೂರಿಸುವಾಗ ಮುಂದಿನ ಆಕ್ಸಲ್ಲಿನ ಗುಂಡು (ಡಿಫರೆನ್ಶಿಯಲ್) ತಾಗುತ್ತದೆಂದು ಚೇಂಬರ್ ಕೊಯ್ದು ಬೆಸೆದಿರುತ್ತೇವೆ, ಆಯಿಲ್ ಹೀರುವ ಪೈಪನ್ನು ಬಾಗಿಸಿರುತ್ತೇವೆ, ಎಂಜಿನ್ನನ್ನು ಬೇರೆ ಓರೆಯಲ್ಲಿ ಕೂರಿಸಿರುತ್ತೇವೆ. ಕಂಪನಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಹಾಗಾಗಿ ಈ ಮೀಟರು ಅಲಂಕಾರದ ಸಾಮಾನಲ್ಲ. ನಮ್ಮದೇ ವೆಲ್ಡಿಂಗನ್ನು ದಿನವೂ ಪರೀಕ್ಷೆಗೆ ಒಡ್ಡುವ ಯಂತ್ರ.

ಮೊದಲು ಜಾಗ ಹುಡುಕಬೇಕು. ಸುಲಭದ ಜಾಗ ಕಂಪನಿಯ ಪ್ರೆಶರ್ ಸ್ವಿಚ್ ಇರುವ ತೂತು. ಅದನ್ನು ಬಿಚ್ಚಿ, ಒತ್ತಡದ ಸುದ್ದಿಯನ್ನು ಮೀಟರಿಗೆ ಕಳಿಸುವ ಸೆಂಡರ್ ಹಾಕಿ ಸ್ವಿಚ್ಚನ್ನು ಡಬ್ಬಿಗೆ ಎಸೆಯುವವರೇ ಹೆಚ್ಚು. ಅದು ತಪ್ಪು. ಸ್ವಿಚ್ಚಿನ ಸುದ್ದಿಯನ್ನು ಅನೇಕ ಹೊಸ ಎಂಜಿನ್‌ಗಳ ಕಂಪ್ಯೂಟರೂ ಓದುತ್ತದೆ. ತಪ್ಪಿದರೆ ದೋಷ ಬರೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಳ್ಳನ್ನು ನಾವೇ ನೋಡಬೇಕು, ದೀಪ ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಎರಡೂ ಇರಲಿ. ತೂತಿಗೆ ಟೀ, ಅಂದರೆ ಮೂರು ಬಾಯಿಯ ಪೈಪ್ ಜೋಡಣೆ ಹಾಕಿ ಒಂದು ಬಾಯಿಗೆ ಸ್ವಿಚ್, ಇನ್ನೊಂದಕ್ಕೆ ಸೆಂಡರ್. ವಿಡಿಒ (ಮೀಟರು ಮಾಡುವ ಜರ್ಮನ್ ಬ್ರ್ಯಾಂಡ್) ಮಾದರಿಯ ಕೆಲವು ಸೆಂಡರುಗಳಲ್ಲಿ ಎರಡು ಟರ್ಮಿನಲ್ ಇರುತ್ತವೆ: 'ಜಿ' ಎಂದು ಕೆತ್ತಿರುವುದು ಮೀಟರಿಗೆ, 'ಡಬ್ಲ್ಯೂಕೆ' ದೀಪಕ್ಕೆ. ಕಂಪ್ಯೂಟರಿಗೆ ಸ್ವಿಚ್ ಬೇಡದ ಎಂಜಿನ್ ಆದರೆ ಟೀಯ ಉಸಾಬರಿಯೇ ಇಲ್ಲ.

ಟೀ ಎಂದಾಕ್ಷಣ ಬ್ಲಾಕಿನ ಮೇಲೆಯೇ ನಿಪ್ಪಲ್, ಟೀ, ಸೆಂಡರ್ ಎಲ್ಲವನ್ನೂ ಗೋಪುರದಂತೆ ಕಟ್ಟಬೇಡಿ. ವಿಡಿಒ ಮಾದರಿಯ ಸೆಂಡರೆಂದರೆ ಸಣ್ಣ ಡಬ್ಬಿಯಷ್ಟು ದಪ್ಪ, ತೂಕ ಬೇರೆ. ಡೀಸೆಲ್ ಎಂಜಿನ್ನಿನ ಅದುರಿಗೆ ಆ ಡಬ್ಬಿ ತಲೆಯಾಡಿಸುತ್ತ ಹಿತ್ತಾಳೆ ನಿಪ್ಪಲ್ಲಿನ ಮೊದಲ ಮರೆಯಲ್ಲಿ (ಸ್ಕ್ರೂವಿನ ಸುತ್ತುಗೆರೆ, ಥ್ರೆಡ್) ಬಿರುಕು ತರುತ್ತದೆ. ಒಂದು ದಿನ ಅದು ಕತ್ತರಿಸಿ ಬೀಳುತ್ತದೆ, ಪಂಪು ಚೇಂಬರಿನ ಆಯಿಲನ್ನೆಲ್ಲ ರಸ್ತೆಗೆ ಸುರಿಯುತ್ತದೆ. ಬ್ಲಾಕಿನಿಂದ ಸುಮಾರು ಒಂದು ಅಡಿಯ ಹೆಣೆದ ಹೋಸ್ ತಂದು, ಟೀಯನ್ನೂ ಸೆಂಡರನ್ನೂ ಬಾಡಿಯ ಮೇಲೆ ಒಂದು ಪಟ್ಟಿಗೆ ಬಿಗಿಯುವುದೇ ಸರಿ. ಹೋಸ್ ಆಯಿಲ್ ಮತ್ತು ಬಿಸಿ ತಡೆಯುವಂಥದ್ದೇ ಇರಲಿ; ಪೆಟ್ರೋಲ್ ಪೈಪು ಕ್ಲಿಪ್ಪು ನಡೆಯುವುದಿಲ್ಲ. ಎಂಜಿನ್ ಬದಿಯ ನಿಪ್ಪಲ್ಲಿನ ತೂತು 1 ಮಿಮೀ ಆಸುಪಾಸಿಗೆ ಸಣ್ಣದಾಗಿದ್ದರೆ ಎರಡು ಲಾಭ. ಮುಳ್ಳು ನಡುಗುವುದಿಲ್ಲ, ಹೋಸ್ ಹರಿದರೂ ಆಯಿಲ್ ನಿಧಾನಕ್ಕೆ ಹೋಗುತ್ತದೆ. ಮೀಟರಿಗೆ ಬೇಕಾದದ್ದು ಒತ್ತಡ ಮಾತ್ರ, ಅಲ್ಲಿ ಹರಿವು ಇರುವುದೇ ಇಲ್ಲ.

ಸ್ವಿಚ್ಚಿನ ಜಾಗಕ್ಕೆ ಕೈಹೋಗದ ಎಂಜಿನ್ನುಗಳೂ ಇವೆ. ಅಮೆರಿಕದಲ್ಲಿ ಹಳೆ ಕಾರಿಗೆ ಕೂರಿಸುವುದರಲ್ಲಿ ಎತ್ತಿದ ಕೈ ಜನರಲ್ ಮೋಟಾರ್ಸಿನ ಎಲ್‌ಎಸ್ ವಿ8. ಅದರ ಸೆನ್ಸರ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದೆ, ಫೈರ್‌ವಾಲಿಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ಒತ್ತಿಕೊಂಡು, ಎಂ16×1.5 (16 ಮಿಮೀ ವ್ಯಾಸ, 1.5 ಮಿಮೀಗೊಂದು ಸುತ್ತು) ಮರೆಯಲ್ಲಿ. ಅಲ್ಲಿನವರು ಆಯಿಲ್ ಫಿಲ್ಟರಿನ ಮೇಲಿರುವ, ಎರಡು ಬೋಲ್ಟಿನ ಪುಟ್ಟ ಮುಚ್ಚಳವನ್ನು ತೆಗೆದು ಮರೆ ಹಾಕಿದ ಮುಚ್ಚಳ ಕೂರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಸಿಗುವ ದಾರಿ ಸ್ಯಾಂಡ್‌ವಿಚ್ ಪ್ಲೇಟು: ಬ್ಲಾಕಿಗೂ ಫಿಲ್ಟರಿಗೂ ನಡುವೆ ಕೂರುವ ದಪ್ಪ ಬಿಲ್ಲೆ, ಪಕ್ಕದಲ್ಲಿ 1/8 ಇಂಚಿನ ಬಾಯಿಗಳು. ಕೊಳ್ಳುವ ಮೊದಲು ಫಿಲ್ಟರಿನ ಮರೆ ಎಂ20×1.5 ಆಗಿದೆಯೋ 3/4-16 ಆಗಿದೆಯೋ ನೋಡಿ. ಪ್ಲೇಟಿನ ದಪ್ಪದಷ್ಟು ಫಿಲ್ಟರು ಕೆಳಗಿಳಿಯುತ್ತದೆ, ಜೀಪಿನಲ್ಲಿ ಅದು ಸ್ಟೀರಿಂಗ್ ರಾಡಿಗೋ ಆಕ್ಸಲ್ಲಿಗೋ ತಾಗಬಹುದು. ಮುಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಪೂರ್ತಿ ಒತ್ತಿದ ಸ್ಥಿತಿಯಲ್ಲಿ ಅಳತೆ ನೋಡಿ, ನಿಂತ ಗಾಡಿಯಲ್ಲಲ್ಲ. ಹಳೆ ಫಿಲ್ಟರಿನ ರಬ್ಬರ್ ರಿಂಗು ಬ್ಲಾಕಿಗೆ ಅಂಟಿಕೊಂಡಿದ್ದು ಅದರ ಮೇಲೆಯೇ ಪ್ಲೇಟು ಬಿಗಿದರೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಆಯಿಲ್ ಚಿಮ್ಮುತ್ತದೆ. ಡಬ್ಬಿ ಫಿಲ್ಟರ್ ಬದಲು ಒಳಗೆ ಕಾಗದದ ಎಲಿಮೆಂಟ್ ಮಾತ್ರ ಇರುವ ಎಂಜಿನ್ನಿಗೆ ಈ ಪ್ಲೇಟು ಕೂರುವುದಿಲ್ಲ.

ಕೆಲಸ ಅತಿ ಹೆಚ್ಚು ಕೆಡುವುದು ಮರೆಯಲ್ಲಿ. 1/8 ಇಂಚಿನ ಪೈಪ್ ಮರೆ ಎಂದರೂ ಅದರ ಹೊರವ್ಯಾಸ 10 ಮಿಮೀ ಸುತ್ತಮುತ್ತ. ಅದರಲ್ಲಿ ಮೂರು ಜಾತಿ, ಮೂರೂ ನೋಡಲು ಅವಳಿಗಳಂತೆ. ಸುಜುಕಿ, ಟೊಯೊಟಾದಂಥ ಜಪಾನೀ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಿಎಸ್‌ಪಿಟಿ: 9.73 ಮಿಮೀ, ಇಂಚಿಗೆ 28 ಮರೆ. ಅಮೆರಿಕದ ಎನ್‌ಪಿಟಿ: 10.29 ಮಿಮೀ, ಇಂಚಿಗೆ 27 ಮರೆ. ಯುರೋಪಿನವು ಎಂ10×1. ಎನ್‌ಪಿಟಿ ಸೆಂಡರನ್ನು ಜಪಾನೀ ಬ್ಲಾಕಿಗೆ ತಿರುಗಿಸಿದರೆ ಹಿಡಿಯುವುದೇ ಇಲ್ಲ. ಬಲವಂತ ಮಾಡಿದರೆ ಅಲ್ಯೂಮಿನಿಯಂ ಬ್ಲಾಕಿನ ಮರೆ ಹೋಯಿತು. ತಿರುಗಾಮುರುಗಾ ಆದಾಗ ಇನ್ನೂ ಅಪಾಯ: ಬಿಎಸ್‌ಪಿಟಿ ಗಂಡು ಎನ್‌ಪಿಟಿ ಹೆಣ್ಣಿನೊಳಗೆ ಸಡಿಲವಾಗಿ ಹೋಗಿ ಕೊನೆಗೆ ಬಿಗಿಯಾದಂತೆ ನಟಿಸುತ್ತದೆ, ಆಯಿಲ್ ಬಿಸಿಯಾದ ಮೇಲೆ ಜಿನುಗುತ್ತದೆ. ಬಿಚ್ಚಿದ ಕಂಪನಿ ಸ್ವಿಚ್ಚನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ವರ್ನಿಯರ್ ಹಿಡಿದು ಅಳೆಯಿರಿ. ಹೊಂದುವ ಅಡಾಪ್ಟರ್ ಸಿಗದಿದ್ದರೆ ಲೇತ್‌ನವರಿಂದ ಮಾಡಿಸಿ. ಹಿತ್ತಾಳೆಗಿಂತ ಸ್ಟೀಲಿನದು ಗಟ್ಟಿ.

ಬಿಳಿ ಟೆಫ್ಲಾನ್ ಟೇಪು ನಲ್ಲಿಗೆ ಸರಿ, ಇಲ್ಲಿಗೆ ಬೇಡ. ಬಿಗಿಯುವಾಗ ಹರಿದ ಎಳೆ ಆಯಿಲ್ ದಾರಿಗೆ ಬಿದ್ದರೆ ಎಲ್ಲಿ ಹೋಗಿ ಕೂರುತ್ತದೋ ಹೇಳಲಾಗದು. ಹೊಸ ಎಂಜಿನ್ನಿನ ವಾಲ್ವ್ ಟೈಮಿಂಗ್ ಸೊಲೆನಾಯ್ಡಿನ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವು) ಜಾಲರಿ, ಪಿಸ್ಟನ್ ಕೆಳಗೆ ಆಯಿಲ್ ಚಿಮ್ಮಿಸುವ ಜೆಟ್ಟು ಎಲ್ಲವೂ ಸೂಕ್ಷ್ಮ. ಬಿಎಸ್‌ಪಿಟಿ, ಎನ್‌ಪಿಟಿಯಂಥ ಓರೆ ಮರೆಗೆ ದ್ರವರೂಪದ ಸೀಲಂಟನ್ನು ಮೊದಲ ಎರಡು ಮರೆ ಬಿಟ್ಟು ಹಚ್ಚಿ, ಕೈಬಿಗಿ ಆದ ಮೇಲೆ ಪಾನದಿಂದ ಒಂದೂವರೆ ಸುತ್ತು ಸಾಕು. ಎಂ10ರಂಥ ನೇರ ಮರೆಗೆ ತಾಮ್ರದ ವಾಷರ್. ಟೇಪು ಬೇಡವೆನ್ನಲು ಇನ್ನೂ ಒಂದು ಕಾರಣವಿದೆ: ಒಂದೇ ವೈರಿನ ಸೆಂಡರಿಗೆ ಅರ್ತ್ ಸಿಗುವುದು ಅದರ ಮೈಯಿಂದ.

ಇನ್ನು ಮೀಟರಿನ ಆಯ್ಕೆ. ಹಳೆ ಮೀಟರನ್ನೇ ಉಳಿಸಿಕೊಳ್ಳುವ ಆಸೆ ಇದ್ದರೆ ಅಡ್ಡಿಯಿಲ್ಲ, ಪೈಪು ಮಾತ್ರ ಹೊಸದಿರಲಿ. ತಾಮ್ರದ ಪೈಪು ಅದುರಿ ಅದುರಿ ಗಟ್ಟಿಯಾಗುತ್ತ ಬಂದು ಒಡೆಯುತ್ತದೆ, ಆದ್ದರಿಂದ ಎಂಜಿನ್ ಬದಿಯಲ್ಲಿ ಎರಡು ಸುತ್ತು ಸುರುಳಿ ಬಿಡಬೇಕು. ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರೋಮೆಟ್ ಕಡ್ಡಾಯ. ನೈಲಾನ್ ಪೈಪು ಸೈಲೆನ್ಸರ್ ಹತ್ತಿರ ಹಾದರೆ ಮೆತ್ತಗಾಗುತ್ತದೆ. ಮರೆಯಬಾರದ ಸಂಗತಿ, ಈ ವ್ಯವಸ್ಥೆಯಲ್ಲಿ 4 ಬಾರ್ ಒತ್ತಡದ ಬಿಸಿ ಆಯಿಲ್ ಚಾಲಕನ ಮೊಣಕಾಲ ಮುಂದೆಯೇ ಇರುತ್ತದೆ. ನನ್ನ ಮತ ಎಲೆಕ್ಟ್ರಿಕ್ ಮೀಟರಿಗೆ. ಹಳೆಯ ಬೂರ್ದೋನ್ ಮೀಟರನ್ನು ಟೂಲ್ ಬಾಕ್ಸಿನಲ್ಲಿಡಿ, ಎಲೆಕ್ಟ್ರಿಕ್ ಮೀಟರ್ ಮೇಲೆ ಅನುಮಾನ ಬಂದ ದಿನ ಸಾಕ್ಷಿಗೆ ಬೇಕಾಗುತ್ತದೆ.

ಎಲೆಕ್ಟ್ರಿಕ್ ಎಂದೊಡನೆ ಜೋಡಿಯ ಪ್ರಶ್ನೆ ಏಳುತ್ತದೆ. ಸೆಂಡರ್ ಎಂದರೆ ಒತ್ತಡಕ್ಕೆ ತಕ್ಕಂತೆ ಓಮ್ ಬದಲಾಗುವ ಡಬ್ಬಿ. ವಿಡಿಒ ಪದ್ಧತಿಯಲ್ಲಿ ಒತ್ತಡ ಇಲ್ಲದಾಗ 10 ಓಮ್, ಪೂರ್ತಿ ಇದ್ದಾಗ 180ರ ಸುಮಾರು. ಅಮೆರಿಕದ ಪದ್ಧತಿ ತಲೆಕೆಳಗು: ಸೊನ್ನೆಗೆ 240, ಪೂರ್ತಿಗೆ 33. ಒಂದರ ಸೆಂಡರಿಗೆ ಇನ್ನೊಂದರ ಮೀಟರ್ ಕೊಟ್ಟರೆ ಕೀ ತಿರುಗಿಸಿದೊಡನೆ ಮುಳ್ಳು ಬಲಕ್ಕೆ ಬಡಿದು, ಆಕ್ಸಲರೇಟರ್ ಒತ್ತಿದಷ್ಟೂ ಎಡಕ್ಕೆ ಬರುತ್ತದೆ. ಇದಾದರೂ ಕಣ್ಣಿಗೆ ಬೀಳುವ ತಪ್ಪು. ಕಣ್ಣಿಗೆ ಬೀಳದ ತಪ್ಪೆಂದರೆ 5 ಬಾರಿನ ಮೀಟರಿಗೆ 10 ಬಾರಿನ ಸೆಂಡರ್. ಎರಡೂ ಒಂದೇ ಪದ್ಧತಿಯವು, ಮುಳ್ಳು ಸರಿಯಾದ ದಿಕ್ಕಿಗೇ ಚಲಿಸುತ್ತದೆ, ಆದರೆ ನಿಜದ 4 ಬಾರ್ 2 ಎಂದು ಕಾಣುತ್ತದೆ. ಎಂಜಿನ್ ಸವೆದಿದೆಯೆಂದು ಹೆದರಿ ಬೇರಿಂಗ್ ಬಿಚ್ಚಿಸುವುದು ಇಂಥ ಜೋಡಿಯಿಂದ. ಉಲ್ಟಾ ಆದರೆ ನಿಜದ 1 ಬಾರ್ 2 ಆಗಿ ಕಂಡು ಹುಸಿ ಧೈರ್ಯ ಕೊಡುತ್ತದೆ.

ಕೂರಿಸುವ ಮೊದಲೇ ಸೆಂಡರನ್ನು ಪರೀಕ್ಷಿಸಲು ಪಂಕ್ಚರ್ ಅಂಗಡಿ ಸಾಕು. ಸೆಂಡರಿನ ಮರೆಗೆ ಹೊಂದುವ ಒಂದು ನಿಪ್ಪಲ್ಲಿಗೆ ಹಳೆ ಟ್ಯೂಬಿನ ಹಿತ್ತಾಳೆ ವಾಲ್ವನ್ನು ಬೆಸುಗೆ ಹಾಕಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಟರ್ಮಿನಲ್ಲಿಗೆ, ಇನ್ನೊಂದು ಸೆಂಡರಿನ ಮೈಗೆ. 10 ಬಾರಿನ ವಿಡಿಒ ಮಾದರಿಯದಾದರೆ ಗಾಳಿಯಿಲ್ಲದಾಗ 10 ಓಮ್ ತೋರಿಸಬೇಕು. 30 ಪೌಂಡ್ ಗಾಳಿ ಹಿಡಿದಾಗ 50ರ ಆಸುಪಾಸು, 60 ಪೌಂಡಿಗೆ 85ರ ಆಸುಪಾಸು. ಓಮ್ ಹಂತ ಹಂತವಾಗಿ ಏರದೆ ನೆಗೆದರೆ ಆ ಸೆಂಡರ್ ವಾಪಸ್ ಕೊಡಿ. ಮೂರು ವೈರಿನ 5 ವೋಲ್ಟ್ ಸೆನ್ಸರಾದರೆ ಓಮ್ ಅಳೆದು ಫಲವಿಲ್ಲ. ಅದು ಸೊನ್ನೆಗೆ 0.5 ವೋಲ್ಟ್, ಪೂರ್ತಿಗೆ 4.5 ವೋಲ್ಟ್ ಕೊಡುತ್ತದೆ. 10 ಬಾರಿನದರಲ್ಲಿ 1.7 ವೋಲ್ಟ್ ಎಂದರೆ 3 ಬಾರ್. ಎಂಜಿನ್ನಿಗೆ ಇಂಥ ಸೆನ್ಸರ್ ಕಂಪನಿಯಿಂದಲೇ ಬಂದಿದ್ದರೆ ಅದರ ವೈರನ್ನು ಸುಲಿದು ಮೀಟರಿಗೆ ಎಳೆಯುವ ಬುದ್ಧಿ ಬೇಡ. ಅಗ್ಗದ ಮೀಟರು ಆ ವೋಲ್ಟನ್ನು ಕುಗ್ಗಿಸಿ ಕಂಪ್ಯೂಟರಿಗೂ ಸುಳ್ಳು ಓದಿಸುತ್ತದೆ. ಎಂಜಿನ್ ಕಂಪ್ಯೂಟರಿನ ದೋಷ ಓದುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಾಧನದಲ್ಲಿ ಒತ್ತಡ ಕಾಣಬಹುದೆಂಬ ಆಸೆಯೂ ಫಲಿಸುವುದು ಕಷ್ಟ, ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಪಟ್ಟಿಯಲ್ಲಿ ಆಯಿಲಿನ ಬಿಸಿ ಇದೆ, ಒತ್ತಡ ಇಲ್ಲ.

ವೈರಿಂಗ್ ಸರಳ: ಕೀ ಆನ್ ಆದಾಗ ಬರುವ ಕರೆಂಟು 3 ಆಂಪಿಯರ್ ಫ್ಯೂಸಿನ ಮೂಲಕ ಮೀಟರಿಗೆ, ಮೀಟರಿನಿಂದ ಸೆಂಡರಿಗೆ ಒಂದೇ ಅಖಂಡ ವೈರು, ಮೀಟರಿಗೆ ತನ್ನದೇ ಅರ್ತ್, ದೀಪದ ವೈರು ಬೇರೆ. ಕಗ್ಗಂಟಾಗುವುದು ಅರ್ತಿನದೇ. ಹೋಸ್ ಹಾಕಿ ಸೆಂಡರನ್ನು ಬಾಡಿಗೆ ಬಿಗಿದರೆ ಪೇಂಟಿನ ಪದರ ಅರ್ತನ್ನು ತಡೆಯುತ್ತದೆ. ಸೆಂಡರಿನ ಮೈಗೆ ಒಂದು ಕ್ಲಾಂಪು ಹಾಕಿ ಎಂಜಿನ್ ಬ್ಲಾಕಿಗೆ ವೈರು ಕೊಡಿ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲುಗಿದರೆ, ಇಂಡಿಕೇಟರ್ ಜೊತೆ ತಾಳ ಹಾಕಿದರೆ ಆಯಿಲಿನ ದೋಷವಲ್ಲ, ಅರ್ತಿನದು. ಎಂಜಿನ್ ಬದಲಿಸುವಾಗ ಬ್ಲಾಕಿಗೂ ಚಾಸಿಸ್ಸಿಗೂ ನಡುವಿನ ದಪ್ಪ ಅರ್ತ್ ಪಟ್ಟಿ ಮರೆತುಹೋಗುವುದು ಮಾಮೂಲು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ವಾಪಸು ಹೋಗಲು ಸಿಕ್ಕಿದ ದಾರಿ ಹಿಡಿಯುತ್ತದೆ: ಆಕ್ಸಲರೇಟರ್ ಕೇಬಲ್ಲು, ಮೀಟರಿನ ತಾಮ್ರದ ಪೈಪು, ಸ್ಟೀಲ್ ಹೆಣಿಗೆಯ ಹೋಸು. ಸೆಲ್ಫ್ ಹೊಡೆದಾಗ ಹೋಸ್ ಬೆಚ್ಚಗಾಗುತ್ತಿದೆಯೇ ಎಂದು ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಮೊದಲ ಸ್ಟಾರ್ಟಿಗೆ ಅವಸರ ಬೇಡ. ಪೆಟ್ರೋಲ್ ಆದರೆ ಪಂಪಿನ ರಿಲೇ ಕಿತ್ತು, ಕಾಮನ್ ರೈಲ್ ಆದರೆ ಇಂಜೆಕ್ಟರಿನ ಕರೆಂಟ್ ತಪ್ಪಿಸಿ, ಬರೀ ಸೆಲ್ಫ್ ಹೊಡೆಯಿರಿ. ಒಮ್ಮೆಗೆ 10 ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು. ಮುಳ್ಳು ಮಿಸುಕಿದ ಮೇಲೆಯೇ ರಿಲೇ ವಾಪಸು. ಸ್ಟಾರ್ಟ್ ಆಗಿ 5 ಸೆಕೆಂಡಿನಲ್ಲಿ ಒತ್ತಡ ಏರದಿದ್ದರೆ ಕೀ ಆಫ್. ಟರ್ಬೊ ಇದ್ದರೆ ಅದರ ಬೇರಿಂಗಿಗೂ ಇದೇ ಆಯಿಲ್, ಆರಂಭದಲ್ಲಿ ಆಕ್ಸಲರೇಟರ್ ಮುಟ್ಟಬಾರದು.

ಮೀಟರ್ ಕೆಲಸ ಮಾಡತೊಡಗಿದ ಮೇಲೆ ನಿಜವಾದ ತಲೆನೋವು ಶುರು. ಹಳೆ ಕೈಗಳಿಗೆ ಒಂದು ಲೆಕ್ಕ ರೂಢಿಯಲ್ಲಿದೆ: 1,000 ಆರ್‌ಪಿಎಂಗೆ 10 ಪೌಂಡ್. ಹೊಸ ಎಂಜಿನ್ ಈ ಲೆಕ್ಕಕ್ಕೆ ಸಿಗುವುದಿಲ್ಲ. ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಮುಳ್ಳು ಕೆಳಗೇ ನಿಂತರೂ ಅದು ಆರೋಗ್ಯವಾಗಿರಬಹುದು. ಕೆಲವಲ್ಲಿ ಪಂಪು ತನ್ನ ಹೊಟ್ಟೆಯನ್ನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ: ನಿಧಾನಗತಿಯಲ್ಲಿ ಡೀಸೆಲ್ ಉಳಿಸಲು ಕಡಿಮೆ ಒತ್ತಡ, ಯಾವುದೋ ಆರ್‌ಪಿಎಂ ದಾಟಿದಾಗ ಥಟ್ಟನೆ ಜಿಗಿತ. ಪಂಪನ್ನು ಹೀಗೆ ಬದಲಾಯಿಸುವ ಸೊಲೆನಾಯ್ಡಿನ ವೈರನ್ನು ಎಂಜಿನ್ ಬದಲಾವಣೆಯ ಗಡಿಬಿಡಿಯಲ್ಲಿ ಬಿಟ್ಟಿದ್ದರೆ ಪಂಪು ಸಾಮಾನ್ಯವಾಗಿ ಸದಾ ಹೆಚ್ಚು ಒತ್ತಡದಲ್ಲೇ ಓಡುತ್ತದೆ. ಅದನ್ನು ನೋಡಿ 'ಭಾರಿ ಒಳ್ಳೆ ಪ್ರೆಶರ್' ಎಂದು ಬೀಗುವವರಿದ್ದಾರೆ. ಆ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್ ಹೇಳಿದ ಅಂಕಿಯೇ ಕೊನೆಯ ಮಾತು.

ಬೀಗುವ ಇನ್ನೊಂದು ಬಗೆ ಹೆಚ್ಚು ಕೇಡಿನದು. ಮುಳ್ಳು ಕೆಳಗಿದೆಯೆಂದು ತೆಳು 5ಡಬ್ಲ್ಯೂ-30 ಆಯಿಲ್ ಬೇಡುವ ಎಂಜಿನ್ನಿಗೆ ದಪ್ಪ 20ಡಬ್ಲ್ಯೂ-50 ಸುರಿಯುವುದು. ಮುಳ್ಳೇನೋ ಮೇಲೇರುತ್ತದೆ. ಮೀಟರ್ ಅಳೆಯುವುದು ಆಯಿಲ್ ಹರಿಯಲು ಎದುರಾಗುವ ತಡೆಯನ್ನು, ಎಷ್ಟು ಹರಿಯಿತು ಎಂಬುದನ್ನಲ್ಲ. ಬೆಳಗಿನ ಚಳಿಯಲ್ಲಿ ಗಟ್ಟಿ ಆಯಿಲ್ ಬೇರಿಂಗಿನ ಸಂದಿಗೆ ನುಸುಳಲಾರದೆ ಪಂಪಿನ ಬಳಿಯೇ ಒತ್ತಿಕೊಂಡು ನಿಂತು, ಒತ್ತಡ ಮಿತಿ ಮೀರಿದಾಗ ತೆರೆಯುವ ರಿಲೀಫ್ ವಾಲ್ವಿನಿಂದ ವಾಪಸು ಚೇಂಬರಿಗೆ ಬೀಳುತ್ತಿರುತ್ತದೆ. ಮೀಟರಿನಲ್ಲಿ 6 ಬಾರ್, ಹೆಡ್ಡಿನ ಕ್ಯಾಮಿಗೆ ಇನ್ನೂ ಹನಿ ತಲುಪಿಲ್ಲ. ಸಾರು ದಪ್ಪವಾದರೆ ಸೌಟಿಗೆ ಭಾರ ಹೆಚ್ಚು, ಅನ್ನಕ್ಕೆ ಇಳಿಯುವುದು ಕಡಿಮೆ.

ಇದೇ ಆಸೆ ಬೇರೆ ರೂಪದಲ್ಲಿ ಕಂಪನಿಗಳನ್ನೂ ಕಾಡಿತ್ತು. ಮುಳ್ಳು ಏರಿಳಿದರೆ ಗಿರಾಕಿ ದೂರು ತರುತ್ತಾನೆ. ಫೋರ್ಡ್ 1980ರ ದಶಕದ ಕೊನೆಯಿಂದ ಹಲವು ಗಾಡಿಗಳಲ್ಲಿ ಸೆಂಡರ್ ಬದಲು ಬರೀ ಸ್ವಿಚ್ ಹಾಕಿ, ಮೀಟರಿಗೆ 20 ಓಮಿನ ಪ್ರತಿರೋಧ ಸೇರಿಸಿತು; ಒತ್ತಡ 6 ಪೌಂಡ್ ಇರಲಿ 60 ಇರಲಿ, ಮುಳ್ಳು ನಟ್ಟನಡುವೆ. ಮಾಜ್ದಾ ಎಂಎಕ್ಸ್-5 ಕೂಡ 1995ರ ಮಾದರಿಯಿಂದ ನಿಜವಾದ ಮೀಟರನ್ನು ಕೈಬಿಟ್ಟು ಇಂಥದ್ದನ್ನೇ ಇಟ್ಟಿತು. ಹಳೆ ಗಾಡಿಯ ಮೀಟರನ್ನು ಗುಜರಿಯಿಂದ ತರುವವರು ಇದನ್ನು ನೆನಪಿಡಬೇಕು. ಎಲ್ಲ ವೇಗದಲ್ಲೂ ಕದಲದೆ ನಿಲ್ಲುವ ಮುಳ್ಳು ಮೀಟರಿನದಲ್ಲ, ವೇಷ ಹಾಕಿದ ದೀಪದ್ದು.

ಘಟ್ಟದ ರಸ್ತೆಯಲ್ಲಿ ಈ ಮೀಟರಿನ ಬೆಲೆ ತಿಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಯಿಂದ ಹತ್ತುವಾಗ ಆಯಿಲ್ ಚೇಂಬರಿನ ಹಿಂಬದಿಗೆ ಸರಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ. ಹೀರುವ ಪೈಪಿನ ಬಾಯಿ ಮುಂಬದಿಯಲ್ಲೇ ಉಳಿದಿದ್ದರೆ ಗಾಳಿ ಎಳೆದುಕೊಂಡು ಮುಳ್ಳು ಒಂದು ಕ್ಷಣ ಮುಗ್ಗರಿಸಿ ಮತ್ತೆ ಏಳುತ್ತದೆ. ಒಮ್ಮೆ ಕಂಡರೂ ನಿರ್ಲಕ್ಷಿಸುವ ಹಾಗಿಲ್ಲ. ಆಯಿಲ್ ಮಟ್ಟ ಕಡ್ಡಿಯ ಮೇಲಿನ ಗೀಟಿನಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಚೇಂಬರ್ ಕೊಯ್ದಿದ್ದರೆ ಕಡ್ಡಿಯ ಗೀಟೂ ಸುಳ್ಳಾಗಿರುತ್ತದೆ, ಲೀಟರ್ ಅಳೆದು ಹೊಸ ಗೀಟು ಹಾಕಿಕೊಳ್ಳಬೇಕು. ಮಟ್ಟ ಸರಿಯಿದ್ದರೆ ಚೇಂಬರ್ ಇಳಿಸಿ ನೋಡಿ. ಹೀರುವ ಬಾಯಿಗೂ ತಳಕ್ಕೂ 6ರಿಂದ 10 ಮಿಮೀ ಸಂದಿರಬೇಕು. ಹೆಚ್ಚಾದರೆ ಗಾಳಿ ಹೀರುತ್ತದೆ, ತೀರ ಕಡಿಮೆಯಾದರೆ ಆಯಿಲಿಗೇ ದಾರಿಯಿಲ್ಲ. ಬಾಯಿಯ ಸುತ್ತ ಅಡ್ಡತಟ್ಟೆ ಬೆಸೆದರೆ ಆಯಿಲ್ ಓಡಿಹೋಗುವುದು ನಿಧಾನವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲೂ ಮುಳ್ಳು ಅದುರುತ್ತಿದ್ದರೆ ಪೈಪು ಪಂಪಿಗೆ ಕೂರುವಲ್ಲಿನ ಒ-ರಿಂಗು ಜೋಡಿಸುವಾಗ ಹರಿದಿರುವ ಅನುಮಾನ ಮೊದಲು ಬರಲಿ. ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುವ ಒತ್ತಡದ ಕಥೆ ಬೇರೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಎಂಜಿನ್ನಾದರೆ ಕಡ್ಡಿ ಎಳೆದು ಮೂಸಿ ನೋಡಿ: ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಆ ಫಿಲ್ಟರಿನ ಮಸಿ ಸುಡಲು ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿದು ಅದನ್ನು ನೀರಾಗಿಸಿದೆ.

ಮುಳ್ಳು ಚೆನ್ನಾಗಿದ್ದು ದೀಪ ಹತ್ತಿದರೆ? ದೀಪವನ್ನೇ ನಂಬಿ, ಎಂಜಿನ್ ಆಫ್ ಮಾಡಿ. ಆಮೇಲೆ ಟೂಲ್ ಬಾಕ್ಸಿನ ಬೂರ್ದೋನ್ ಮೀಟರನ್ನು ಹೊರತೆಗೆಯಿರಿ.

ಜೋಡಣೆ ಮುಗಿದ ವಾರದಲ್ಲೇ ನಾಲ್ಕು ಅಂಕಿ ಬರೆದಿಡಿ: ತಣ್ಣಗಿನ ಐಡ್ಲಿಂಗ್, ಅರ್ಧ ಗಂಟೆ ಓಡಿಸಿದ ಮೇಲಿನ ಐಡ್ಲಿಂಗ್, ಬಿಸಿಯಲ್ಲಿ 2,000 ಆರ್‌ಪಿಎಂ, ಬಿಸಿಯಲ್ಲಿ 3,000 ಆರ್‌ಪಿಎಂ. ಜೊತೆಗೆ ಆಯಿಲಿನ ಗ್ರೇಡು, ಕಿಲೋಮೀಟರು. ಮುಂದೆ ಯಾವ ಗ್ಯಾರೇಜಿಗೆ ಹೋದರೂ ಹೋಲಿಸಲು ಇರುವುದು ಈ ಚೀಟಿಯೊಂದೇ. ಬಾನೆಟ್ಟಿನ ಒಳಮೈಗೆ ಅಂಟಿಸಿದರೆ ಕಳೆಯುವುದಿಲ್ಲ. 500 ಕಿಲೋಮೀಟರ್ ಆದಾಗ ಟೀ, ನಿಪ್ಪಲ್, ಹೋಸಿನ ತುದಿಗಳನ್ನು ಬಟ್ಟೆಯಿಂದ ಒರೆಸಿ ಒಂದು ರೌಂಡ್ ಹೋಗಿ ಬನ್ನಿ. ಜಿನುಗು ಇದ್ದರೆ ಮರೆಯ ಬುಡದಲ್ಲಿ ಕೆಂಪು ಧೂಳು ಉಂಗುರದಂತೆ ಕೂತಿರುತ್ತದೆ.